ಅಜ್ಜನ ತೋಳಿನ ಕಪ್ಪು ಚೌಕ

ಪ್ರಶ್ನೆ: ನಮ್ಮ ತಾಯಿಯ ತಂದೆ ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯದಲ್ಲಿದ್ದರು. ಊರು ಅರಸೀಕೆರೆ ಹತ್ತಿರ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಕ್ಯಾಪ್ಟನ್ ಆಗಿದ್ದರು, ಬರ್ಮಾಗೆ ಹೋಗಿದ್ದರು ಅಂತ ಮನೆಯಲ್ಲಿ ಮಾತು. ಈಗ ಅಜ್ಜಿಯ ಟ್ರಂಕಿನಲ್ಲಿ ಒಂದು ಫೋಟೋ, ನಕ್ಷತ್ರದ ಆಕಾರದ ಮೂರು ಪದಕ, ದುಂಡನೆಯ ಎರಡು ಪದಕ, ಆರ್‌ಐಎಎಸ್‌ಸಿ ಎಂಬ ಇಂಗ್ಲಿಷ್ ಅಕ್ಷರಗಳಿರುವ ಹಿತ್ತಾಳೆ ತುಂಡು ಸಿಕ್ಕಿವೆ. ನಕ್ಷತ್ರಗಳ ಮೇಲೆ 1939-45, ಆಫ್ರಿಕಾ, ಬರ್ಮಾ ಅಂತಿದೆ. ಆಫ್ರಿಕಾದ ವಿಷಯ ಮನೆಯಲ್ಲಿ ಯಾರೂ ಕೇಳಿಯೇ ಇಲ್ಲ. ಫೋಟೋದಲ್ಲಿ ಅಜ್ಜನ ಭುಜದ ಮೇಲೆ ಒಂದು ನಕ್ಷತ್ರ, ಎದೆಯ ಮೇಲೆ ಮೂರು ಪುಟ್ಟ ಪಟ್ಟಿ, ತೋಳಿನ ಮೇಲೆ ಒಂದು ಕಪ್ಪು ಬಟ್ಟೆಯ ಚೌಕ ಇದೆ. ಯಾರೋ ಸತ್ತಿದ್ದಕ್ಕೆ ಸೂತಕದ ಗುರುತಿರಬೇಕು ಅಂತಾರೆ ಅಮ್ಮ. ಇನ್ನೊಂದು ಸಂಗತಿ, ಅಜ್ಜ ಕೊನೆಗಾಲದಲ್ಲಿ 'ಸುರಾಬಾಯಿ' ಅಂತ ಆಗಾಗ ಹೇಳುತ್ತಿದ್ದರಂತೆ. ಆ ಹೆಸರು ಬಂದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರಂತೆ. ಇಷ್ಟರಿಂದ ಏನಾದರೂ ತಿಳಿಯಬಹುದಾ?

ಉತ್ತರ: ತಿಳಿಯಬಹುದು. ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿನೇ ತಿಳಿಯಬಹುದು. ನೀವು ಬರೆದದ್ದನ್ನು ಓದುತ್ತಾ ಹೋದ ಹಾಗೆ ನನಗೆ ಅರ್ಧ ದಾರಿ ಕಾಣಿಸಿತು. ಉಳಿದ ಅರ್ಧ ನಿಮ್ಮ ಟ್ರಂಕಿನಲ್ಲೇ ಇದೆ.

ಮೊದಲಿಗೆ, ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಬ್ಬಕ್ಕೆ ದೇವರ ಸಾಮಾನು ತೊಳೆಯುವಾಗ ಇವನ್ನೂ ಜೊತೆಗೆ ಸೇರಿಸಿ ಫಳಫಳ ಮಾಡಿಟ್ಟ ಮನೆಗಳನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಪದಕದ ಅಂಚಿನಲ್ಲಿ, ನಾಣ್ಯಕ್ಕೆ ಗೀರುಗಳಿರುತ್ತವಲ್ಲ ಆ ಜಾಗದಲ್ಲಿ, ತುಂಬ ಸಣ್ಣ ಅಕ್ಷರಗಳನ್ನು ಒತ್ತಿರುತ್ತಾರೆ. ವರ್ಷಾವರ್ಷ ಉಜ್ಜಿದರೆ ಅವು ಸವೆದುಹೋಗುತ್ತವೆ. ನಮಗೆ ಬೇಕಾಗಿರುವುದು ಅದೇ ಅಕ್ಷರ. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು.

ಈಗ ಹಿತ್ತಾಳೆ ತುಂಡು. ಅದು ಭುಜಪಟ್ಟಿಯ ತುದಿಯಲ್ಲಿ, ತೋಳು ಶುರುವಾಗುವಲ್ಲಿ ಸಿಕ್ಕಿಸುತ್ತಿದ್ದ ಅಕ್ಷರಪಟ್ಟಿ. ಆರ್‌ಐಎಎಸ್‌ಸಿ ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಇವತ್ತಿನ ಆರ್ಮಿ ಸರ್ವಿಸ್ ಕೋರ್, ಎಎಸ್‌ಸಿ ಅಂತಾರಲ್ಲ, ಅದರ ಹಳೆಯ ಹೆಸರು. 'ರಾಯಲ್' ಸೇರಿದ್ದು 1935ರಲ್ಲಿ, ಬಿಟ್ಟುಹೋಗಿದ್ದು 1950ರಲ್ಲಿ ದೇಶ ಗಣರಾಜ್ಯ ಆದಾಗ. ಹಾಗಾಗಿ ಈ ತುಂಡು ಆ 15 ವರ್ಷದ ಒಳಗಿನದು. ಅಕ್ಷರಗಳಿಂದ ಕಾಲ ಹೇಳುವುದು ಹೀಗೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇನ್ನೂ ಒಂದೆರಡು ಹೇಳಿಬಿಡುತ್ತೇನೆ. ಬ್ಯಾಡ್ಜಿನ ಮೇಲೆ ಕಿರೀಟ ಇದ್ದರೆ ಅದು ಬ್ರಿಟಿಷರ ಕಾಲದ್ದು, ಅಶೋಕನ ಸಿಂಹ ಇದ್ದರೆ 1950ರ ನಂತರದ್ದು. ಎರಡನೇ ಮಹಾಯುದ್ಧದ ಬ್ಯಾಡ್ಜ್ ಅಂತ ಸಿಂಹ ಇರುವುದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದವರಿದ್ದಾರೆ, ಅದು ಅಜ್ಜನದಲ್ಲ, ಆಮೇಲೆ ಸೈನ್ಯ ಸೇರಿದ ಮಗನದೋ ಅಳಿಯನದೋ ಆಗಿರುತ್ತದೆ. ಐಇಎಂಇ, ಅಂದರೆ ಇಂಡಿಯನ್ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್, ಅಂತಿದ್ದರೆ 1943ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ಕೋರ್ ಹುಟ್ಟಿದ್ದೇ ಆ ವರ್ಷ. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ಪಡೆ. ಅದು ಬೇರೆಯೇ ದಾರಿ, ಕೊನೆಗೆ ಹೇಳುತ್ತೇನೆ.

ಸರ್ವಿಸ್ ಕೋರ್ ಅಂದ ತಕ್ಷಣ ಕೆಲವರಿಗೆ ಮುಖ ಬಾಡುತ್ತದೆ. "ಹಾಗಾದರೆ ಅಜ್ಜ ಯುದ್ಧ ಮಾಡಲಿಲ್ವಾ?" ಅಂತ ಕೇಳುತ್ತಾರೆ. ಮುಂದಿನ ಸಾಲಿನಲ್ಲಿರುವವನಿಗೆ ಅಕ್ಕಿ, ಗೋಧಿಹಿಟ್ಟು, ಪೆಟ್ರೋಲು ತಲುಪಿಸುತ್ತಿದ್ದವರು ಇವರು. ಲಾರಿ ಹೋಗುವ ಕಡೆ ಲಾರಿ, ಹೋಗದ ಕಡೆ ಹೇಸರಗತ್ತೆ. 1939ರ ಡಿಸೆಂಬರಿನಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತದ ಹೇಸರಗತ್ತೆ ಕಂಪನಿಗಳೂ ಇದೇ ಕೋರಿನವು, 1940ರಲ್ಲಿ ಅಲ್ಲಿನ ಡಂಕರ್ಕ್ ಸಮುದ್ರದಂಡೆಯಲ್ಲಿ ಅವರೂ ಇದ್ದರು. ಮಳೆಗಾಲದ ಬರ್ಮಾ ಗಡಿಯಲ್ಲಿ, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಪ್ರಪಾತ ಇರುವ ಕೆಸರಿನ ದಾರಿಯಲ್ಲಿ ರಾತ್ರಿ ದೀಪ ಹಾಕದೆ ಲಾರಿ ಓಡಿಸುವುದು ಸುಮ್ನೆ ಮಾತಲ್ಲ. ದಯವಿಟ್ಟು ಅದನ್ನು ಚಿಕ್ಕ ಕೆಲಸ ಅಂದುಕೊಳ್ಳಬೇಡಿ.

ಭುಜದ ನಕ್ಷತ್ರಕ್ಕೆ ಬರೋಣ. ಕ್ಯಾಪ್ಟನ್‌ಗೆ ಮೂರು ನಕ್ಷತ್ರ. ಒಂದೇ ಇದೆ ಅಂದರೆ ನಿಮ್ಮ ಅಜ್ಜ ಕ್ಯಾಪ್ಟನ್ ಅಲ್ಲ. ಒಂದು ನಕ್ಷತ್ರ ಇಬ್ಬರಿಗೆ ಇರುತ್ತಿತ್ತು. ಸೆಕೆಂಡ್ ಲೆಫ್ಟಿನೆಂಟ್‌ಗೆ ಒಂದು, ಜಮಾದಾರನಿಗೆ ಒಂದು. ಮೊದಲನೆಯದು ರಾಜನ ಕಮಿಷನ್, ಎರಡನೆಯದು ವೈಸರಾಯ್ ಕಮಿಷನ್. ಕಮಿಷನ್ ಅಂದರೆ ಅಧಿಕಾರಿ ಅಂತ ನೇಮಿಸುವ ಆದೇಶ. ಇವೆರಡನ್ನು ಬೇರೆ ಮಾಡುವುದು ನಕ್ಷತ್ರದ ಕೆಳಗಿನ ಬಟ್ಟೆಪಟ್ಟಿ. ವೈಸರಾಯ್ ಕಮಿಷನ್ ಇದ್ದವರ ಭುಜಪಟ್ಟಿಗೆ ಅಡ್ಡಲಾಗಿ ಕೆಂಪು-ಹಳದಿ-ಕೆಂಪು ರಿಬ್ಬನ್ ಇರುತ್ತಿತ್ತು, ಅದರ ಮೇಲೆ ನಕ್ಷತ್ರ. ಭೂತಗನ್ನಡಿ ಹಿಡಿದು ನೋಡಿ. ನಕ್ಷತ್ರದ ಅಡಿಯಲ್ಲಿ ಕಪ್ಪಗೆ ಒಂದು ಅಡ್ಡಪಟ್ಟಿ ಕಂಡರೆ ಅವರು ಜಮಾದಾರರು.

ನನಗೆ ಅದು ಕಾಣುತ್ತದೆ ಅಂತಲೇ ಅನ್ನಿಸುತ್ತದೆ. ಅಮ್ಮನಿಗೆ ಇದನ್ನು ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳಿ. ನಮ್ಮ ಕಡೆ ಜಮಾದಾರ ಅಂದರೆ ಕಚೇರಿ ಬಾಗಿಲಲ್ಲಿ ನಿಲ್ಲುವವನು ಅಂತಲೇ ಅರ್ಥ, ಅಲ್ವಾ? ಊರಿನವರಿಗೆ ಅರ್ಥ ಆಗಲಿ ಅಂತ ಮನೆಯವರು ಕ್ಯಾಪ್ಟನ್ ಅಂದಿರಬಹುದು. ಸೈನ್ಯದಲ್ಲಿ ಅದರ ಅರ್ಥವೇ ಬೇರೆ. ಹಳ್ಳಿಯ ಹುಡುಗ ಸಿಪಾಯಿಯಾಗಿ ಸೇರಿ, ತೋಳಿಗೆ ಒಂದು ಪಟ್ಟಿ ಬಂದು ಲಾನ್ಸ್ ನಾಯಕ್, ಎರಡು ಬಂದು ನಾಯಕ್, ಮೂರು ಬಂದು ಹವಾಲ್ದಾರ್, ಆಮೇಲೆ ತೋಳಿನ ಪಟ್ಟಿ ಹೋಗಿ ಭುಜಕ್ಕೆ ನಕ್ಷತ್ರ. ಆ ನಕ್ಷತ್ರಕ್ಕೆ ಸಿಪಾಯಿಗಳು ಸೆಲ್ಯೂಟ್ ಹೊಡೆದು 'ಸಾಹೇಬ್' ಅನ್ನುತ್ತಿದ್ದರು. 1965ರಲ್ಲಿ ಆ ಹುದ್ದೆಗೆ ನಾಯಬ್ ಸುಬೇದಾರ್ ಅಂತ ಹೆಸರು ಬದಲಾಯಿತು. ಅಮ್ಮನಿಗೆ ಆ ಹೆಸರಿನಲ್ಲೇ ಹೇಳಿ.

ಇನ್ನು ಕಪ್ಪು ಚೌಕ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಸೂತಕಕ್ಕೆ ತೋಳಿಗೆ ಕಪ್ಪು ಪಟ್ಟಿ ಸುತ್ತುತ್ತಾರೆ, ಚೌಕ ಹೊಲಿಯುವುದಿಲ್ಲ. ತೋಳಿನ ಮೇಲ್ಭಾಗದಲ್ಲಿ ಹೊಲಿದ ಚೌಕ ಅಂದರೆ ಅದು ಡಿವಿಷನ್ನಿನ, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಯ, ಗುರುತು. ಯಾವ ಕೋರಿನವನೇ ಆಗಲಿ, ಯಾವ ಡಿವಿಷನ್ನಿನ ಜೊತೆ ಇರುತ್ತಾನೋ ಆ ಡಿವಿಷನ್ನಿನ ಚಿತ್ರ ಅವನ ತೋಳಿಗೆ. 17ನೇ ಡಿವಿಷನ್‌ಗೆ ಕರಿಬೆಕ್ಕು, 19ನೆಯದಕ್ಕೆ ಕೈಯಲ್ಲಿ ಹಿಡಿದ ಬಾಕು, 23ನೆಯದಕ್ಕೆ ಹುಂಜ, 7ನೆಯದಕ್ಕೆ ಬಂಗಾರದ ಬಣ್ಣದ ಬಾಣ. ಅಕ್ಷರ ಬರದವನಿಗೂ ಗುರುತು ಸಿಗಲಿ, ಶತ್ರುವಿಗೆ ಸುಲಭವಾಗಿ ತಿಳಿಯದಿರಲಿ ಅಂತ ಈ ಚಿತ್ರಗಳು.

ಹಾಗಾದರೆ ನಿಮ್ಮ ಅಜ್ಜನ ಚೌಕದಲ್ಲಿ ಚಿತ್ರ ಯಾಕಿಲ್ಲ? ಇದೆ, ಕ್ಯಾಮೆರಾಕ್ಕೆ ಕಾಣಿಸಿಲ್ಲ. ಆ ಕಾಲದ ಎಷ್ಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಫಿಲ್ಮಿಗೆ ಕೆಂಪು ಬಣ್ಣ ತಿಳಿಯುತ್ತಿರಲಿಲ್ಲ. ಕೆಂಪು ಅದಕ್ಕೆ ಕಪ್ಪು. ನೀಲಿ ಹೆಚ್ಚುಕಡಿಮೆ ಬಿಳಿ. ಹಳೆ ಫೋಟೋಗಳಲ್ಲಿ ಹಣೆಯ ಕುಂಕುಮ ಕಪ್ಪು ಬೊಟ್ಟಿನ ಹಾಗೆ ಕಾಣುವುದನ್ನು ನೋಡಿರುತ್ತೀರಿ. ಅದೇ ಇದು. ಅಂದರೆ ಕಪ್ಪು ಬಟ್ಟೆಯ ಮೇಲೆ ಕೆಂಪು ಚಿತ್ರ ಇದ್ದರೆ, ಫೋಟೋದಲ್ಲಿ ಬರೀ ಕಪ್ಪು ಚೌಕ.

ಕಪ್ಪಿನ ಮೇಲೆ ಕೆಂಪು ಇದ್ದ ಭಾರತೀಯ ಡಿವಿಷನ್‌ಗಳಲ್ಲಿ ಇಲ್ಲಿಗೆ ಹೊಂದುವಂಥವು ಎರಡು. 4ನೇ ಡಿವಿಷನ್, ಕೆಂಪು ಗರುಡ. 5ನೇ ಡಿವಿಷನ್, ಕೆಂಪು ವೃತ್ತ, ಅದಕ್ಕೆ 'ಬೆಂಕಿಚೆಂಡು' ಅಂತ ಅಡ್ಡಹೆಸರು. ಎರಡೂ ಆಫ್ರಿಕಾದಲ್ಲಿ ಕಾದಿದವು. ಆದರೆ 4ನೆಯದು ಅಲ್ಲಿಂದ ಇಟಲಿಗೆ, ಗ್ರೀಸಿಗೆ ಹೋಯಿತು, ಬರ್ಮಾಗೆ ಬರಲಿಲ್ಲ. ನಿಮ್ಮ ಟ್ರಂಕಿನಲ್ಲಿ ಬರ್ಮಾ ಸ್ಟಾರ್ ಇದೆ, ಇಟಲಿ ಸ್ಟಾರ್ ಇಲ್ಲ. ಆಫ್ರಿಕಾ ಮತ್ತು ಬರ್ಮಾ ಎರಡನ್ನೂ ಕಂಡು, ಕಪ್ಪಿನ ಮೇಲೆ ಕೆಂಪು ಧರಿಸಿದ್ದು 5ನೇ ಡಿವಿಷನ್. ಬಾಣದ 7ನೇ ಡಿವಿಷನ್ನಿನದೂ ಕಪ್ಪು ಬಟ್ಟೆಯೇ, ಹಳದಿಯೂ ಆ ಫಿಲ್ಮಿನಲ್ಲಿ ಮಂಕಾಗಬಹುದು, ಆದರೆ ಅದು ಆಫ್ರಿಕಾಕ್ಕೆ ಹೋಗಲಿಲ್ಲ. ಸರ್ವಿಸ್ ಕೋರಿನವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕುತ್ತಿದ್ದರು, ಹಾಗಾಗಿ ಆ ಬಾಗಿಲನ್ನು ಪೂರ್ತಿ ಮುಚ್ಚಬೇಡಿ. ಫೋಟೋವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೊಬೈಲಿನಲ್ಲೇ ಕತ್ತಲಿನ ಭಾಗವನ್ನು ಮಾತ್ರ ಬೆಳಗಿಸಿ ನೋಡಿ. ಕೆಂಪು ಬಟ್ಟೆಯನ್ನು ಕತ್ತರಿಸಿ ಕಪ್ಪಿನ ಮೇಲೆ ಹೊಲಿದಿದ್ದರೆ ಅದರ ಅಂಚು ಸ್ವಲ್ಪ ಉಬ್ಬಿರುತ್ತದೆ. ದುಂಡನೆಯ ಗೆರೆ ಕಂಡರೆ ಅನುಮಾನ ಬೇಡ.

ಹಾಗೇ ಇನ್ನೊಂದು ನೋಡಿ, ಎದೆಯ ಮೇಲಿನ ಆ ಮೂರು ಪುಟ್ಟ ಪಟ್ಟಿ ಪದಕಗಳ ರಿಬ್ಬನ್, ಅವು ಎಡ ಎದೆಯ ಮೇಲಿವೆಯಾ? ಬಲಕ್ಕಿದ್ದರೆ ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದಾರೆ. ಆಗ ರಿಬ್ಬನ್ ಸಾಲನ್ನೂ ಉಲ್ಟಾ ಓದಬೇಕು. ಸರಿಯಾಗಿದ್ದರೆ ಎದೆಯ ಮಧ್ಯದ ಕಡೆಯಿಂದ 1939-45 ಸ್ಟಾರ್, ಆಫ್ರಿಕಾ, ಬರ್ಮಾ ಅಂತ ಬರುತ್ತವೆ. ಬರ್ಮಾ ರಿಬ್ಬನ್ ಎದೆಯ ಮೇಲಿದ್ದರೆ ಫೋಟೋ 1945ರ ಮೇ ತಿಂಗಳ ನಂತರದ್ದು, ಆ ಪದಕ ಘೋಷಣೆ ಆಗಿದ್ದೇ ಆಗ. ಮಧ್ಯದ ರಿಬ್ಬನ್ನಿನ ಮೇಲೆ ಬೆಳ್ಳಿಯ ಪುಟ್ಟ '8' ಇದೆಯಾ ನೋಡಿ. ಅದು 1942ರ ಅಕ್ಟೋಬರ್ 23ರಿಂದ, ಅಂದರೆ ಈಜಿಪ್ಟಿನ ಎಲ್ ಅಲಮೀನ್ ದೊಡ್ಡ ಕಾಳಗದಿಂದ ಬ್ರಿಟಿಷರ ಎಂಟನೇ ಸೈನ್ಯದಲ್ಲಿದ್ದವರಿಗೆ. 5ನೇ ಡಿವಿಷನ್ನಿನ ಬಹುಪಾಲು ಜನ ಅಷ್ಟೊತ್ತಿಗೆ ಇರಾಕಿಗೆ ಹೋಗಿದ್ದರು. '8' ಇಲ್ಲದಿದ್ದರೆ ನಮ್ಮ ಲೆಕ್ಕಕ್ಕೆ ಇನ್ನೊಂದು ಎಳೆ ಕೂಡಿತು.

ಆಫ್ರಿಕಾ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂದಿರಿ. 5ನೇ ಡಿವಿಷನ್ ಸುಡಾನಿಗೆ ಹೋಗಿದ್ದು 1940ರಲ್ಲಿ. 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಇಟಲಿಯವರ ಜೊತೆ ಕಾಳಗ. ಆಮೇಲೆ ಈಜಿಪ್ಟ್, ಲಿಬಿಯಾ ಮರುಭೂಮಿ, ಇರಾಕ್, 1943ರಲ್ಲಿ ವಾಪಸ್ ಭಾರತ. ಅಲ್ಲಿಂದ ಬರ್ಮಾ ಕರಾವಳಿಯ ಅರಾಕಾನ್. 1944ರ ಮಾರ್ಚಿನಲ್ಲಿ ಜಪಾನಿಯರು ಇಂಫಾಲಕ್ಕೆ ನುಗ್ಗಿದಾಗ ಇಡೀ ಡಿವಿಷನ್ನನ್ನು, ಫಿರಂಗಿ ಹೇಸರಗತ್ತೆ ಸಮೇತ, ವಿಮಾನದಲ್ಲಿ ಅಲ್ಲಿಗೆ ಸಾಗಿಸಿದರು. ಅದರ ಒಂದು ಬ್ರಿಗೇಡ್ ಕೊಹಿಮಾದಲ್ಲಿ ಕಾದಿತು. ಆಮೇಲೆ ಬರ್ಮಾದ ಒಳಗೆ ಟಿಡ್ಡಿಮ್ ರಸ್ತೆ, ಮೈಕ್ಟಿಲಾ, ರಂಗೂನಿನ ದಾರಿ. ನಿಮ್ಮ ಅಜ್ಜ ಇದರಲ್ಲಿ ಎಲ್ಲೆಲ್ಲಿದ್ದರು ಅಂತ ಪದಕ ಹೇಳುವುದಿಲ್ಲ. ಆಫ್ರಿಕಾ ಸ್ಟಾರಿಗೆ ಅಲ್ಲಿ ಒಂದು ದಿನ ಇದ್ದರೂ ಸಾಕಿತ್ತು. ಅಸ್ಸಾಂ, ಬಂಗಾಳದ ಕೆಲವು ಭಾಗದಲ್ಲಿ ಇದ್ದವರಿಗೂ ಬರ್ಮಾ ಸ್ಟಾರ್ ಸಿಕ್ಕಿದೆ.

ದುಂಡನೆಯ ಎರಡು ಪದಕಗಳನ್ನು ಈಗ ಕೈಗೆ ತೆಗೆದುಕೊಳ್ಳಿ. ಒಂದರ ಹಿಂಬದಿಯಲ್ಲಿ ಸಿಂಹ ಒಂದು ಡ್ರ್ಯಾಗನ್ ಮೇಲೆ ನಿಂತಿರುತ್ತದೆ. ಅದು ವಾರ್ ಮೆಡಲ್, ಯುದ್ಧಕಾಲದಲ್ಲಿ 28 ದಿನ ಸೇವೆ ಮಾಡಿದವರಿಗೆಲ್ಲ ಬಂದದ್ದು. ಇನ್ನೊಂದರಲ್ಲಿ ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್. ಅದಕ್ಕೆ ದೇಶದ ಒಳಗೇ ಮೂರು ವರ್ಷ ಸೇವೆ ಬೇಕಿತ್ತು, ಇಷ್ಟು ತಿರುಗಿದವರಿಗೆ ಅದು ಸಿಕ್ಕಿರುವುದು ಕಷ್ಟ. ಆದ್ದರಿಂದ ನನ್ನ ಊಹೆ ಬೇರೆ ಇದೆ. ರೆಕ್ಕೆ ಇರುವ ಹೆಣ್ಣಿನ ಚಿತ್ರ ಇದೆಯಾ ನೋಡಿ. ಪದಕದ ಮೇಲೆ, ರಿಬ್ಬನ್ ಪೋಣಿಸುವ ಕಂಬಿಗೆ ಅಂಟಿಕೊಂಡ ಹಾಗೆ ಒಂದು ಅಡ್ಡ ಪಟ್ಟಿ ಇದೆಯಾ, ಅದರಲ್ಲಿ 'ಎಸ್.ಇ. ಏಷ್ಯಾ 1945-46' ಅಂತ ಇಂಗ್ಲಿಷಿನಲ್ಲಿ ಇದೆಯಾ? ರಿಬ್ಬನ್ ಚೂರು ಉಳಿದಿದ್ದರೆ ನೇರಳೆ, ನಡುವೆ ಹಸಿರು ಗೆರೆ. ಅದು ಜನರಲ್ ಸರ್ವಿಸ್ ಮೆಡಲ್. ಯುದ್ಧ ಮುಗಿದ ಮೇಲೆ ಜಾವಾ, ಸುಮಾತ್ರಾ, ಇಂಡೋಚೈನಾ ಕಡೆ ಇದ್ದವರಿಗೆ ಕೊಟ್ಟದ್ದು.

ಜಪಾನ್ ಶರಣಾದ ಮೇಲೆ 5ನೇ ಡಿವಿಷನ್ ಊರಿಗೆ ಬರಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರಕ್ಕೆ ಇಳಿಯಿತು, ನವೆಂಬರಿನಲ್ಲಿ ಜಾವಾ ದ್ವೀಪದ ಒಂದು ಬಂದರು ಪಟ್ಟಣಕ್ಕೆ. ಇಂಡೋನೇಷ್ಯಾದವರು ಡಚ್ಚರು ಮತ್ತೆ ಬರುವುದು ಬೇಡ ಅಂತ ಸ್ವಾತಂತ್ರ್ಯ ಸಾರಿದ್ದರು, ಅಲ್ಲಿ ಅವರ ಜೊತೆ ವಾರಗಟ್ಟಲೆ ಬೀದಿಬೀದಿಯಲ್ಲಿ ಕಾದಾಟ ಆಯಿತು. ಅದು ಶುರುವಾದ ನವೆಂಬರ್ 10ನ್ನು ಆ ದೇಶ ಈಗಲೂ ವೀರರ ದಿನ ಅಂತ ಆಚರಿಸುತ್ತದೆ. ಆ ಪಟ್ಟಣದ ಹೆಸರು ಸುರಬಾಯಾ.

ಇದನ್ನು ಬರೆಯುವಾಗ ನನಗೆ ಕೈ ನಿಂತುಹೋಯಿತು. ನಿಮ್ಮ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದದ್ದು ಒಂದು ಊರಿನ ಹೆಸರು ಕೇಳಿ ಇರಬಹುದು. ಗುಲಾಮಗಿರಿಯಿಂದ ಬಿಡಿಸಿಕೊಳ್ಳಲು ಹೊರಟ ಜನರ ಮೇಲೆ, ಇನ್ನೂ ಸ್ವಾತಂತ್ರ್ಯ ಸಿಗದ ನಮ್ಮ ದೇಶದ ಸೈನಿಕರನ್ನು ಬ್ರಿಟಿಷರು ಇಳಿಸಿದ ಜಾಗ ಅದು. ಅಲ್ಲಿದ್ದು ಬಂದವರು ಅದನ್ನು ಮನೆಯಲ್ಲಿ ಹೇಗೆ ಹೇಳಿಯಾರು?

ಆದರೂ ಪದಕದ ಅಂಚು ನೋಡದೆ ಯಾವುದನ್ನೂ ಖಾತ್ರಿ ಮಾಡಿಕೊಳ್ಳಬೇಡಿ. ಈ ಎಚ್ಚರ ನನಗೆ ಬಂದದ್ದು ಒಂದು ತಪ್ಪಿನಿಂದ. ಒಂದು ಮನೆಯವರು ಫ್ರೇಮ್ ಹಾಕಿಸಿದ ಪದಕಗಳನ್ನು ತಂದಿದ್ದರು. ಎಲ್ಲ ಒಬ್ಬರದೇ ಅಂತ ನಂಬಿ ಅವರಿಗೊಂದು ಕಥೆ ಕಟ್ಟಿಕೊಟ್ಟೆ. ಎರಡು ವರ್ಷದ ಮೇಲೆ ಫ್ರೇಮ್ ಬಿಚ್ಚಿ ಅಂಚು ನೋಡಿದರೆ ಎರಡು ಬೇರೆ ಸಂಖ್ಯೆ, ಅಣ್ಣತಮ್ಮಂದಿರ ಪದಕ ಕಲಸಿಹೋಗಿದ್ದವು. ತಮ್ಮ ಇದ್ದದ್ದೇ ಆ ಮನೆಯ ಈಗಿನವರಿಗೆ ಗೊತ್ತಿರಲಿಲ್ಲ.

ಜನರಲ್ ಸರ್ವಿಸ್ ಮೆಡಲ್‌ನ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ಕೋರ್ ಇರುತ್ತದೆ. ನಕ್ಷತ್ರಗಳ ಹಿಂದೆ, ವಾರ್ ಮೆಡಲ್‌ನ ಅಂಚಿನಲ್ಲಿ ಕೂಡ ಭಾರತೀಯರಿಗೆ ಕೊಟ್ಟವುಗಳಲ್ಲಿ ಎಷ್ಟೋ ಸಲ ಇರುತ್ತದೆ. ಕಿಟಕಿ ಹತ್ತಿರ ಪಕ್ಕದಿಂದ ಬೆಳಕು ಬೀಳುವ ಹಾಗೆ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೆಸರಿಗಿಂತ ಸಂಖ್ಯೆ ಮುಖ್ಯ. ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ, ಗೌಡ ಅನ್ನುವುದೇ ನಾಲ್ಕು ಥರ ಸಿಗುತ್ತದೆ. ಸಂಖ್ಯೆ ಹಾಗೆ ಕೈಕೊಡುವುದಿಲ್ಲ. ಸಂಖ್ಯೆಯ ಮುಂದಿನ ಅಕ್ಷರಗಳನ್ನೂ ಬಿಡದೆ ಬರೆದುಕೊಳ್ಳಿ, ಎಂಟಿ ಅಂತ ಶುರುವಾದರೆ ಲಾರಿಯ ಕಡೆಯವರು.

ಸಂಖ್ಯೆ ಸಿಕ್ಕಿದ ಮೇಲೆ ಬೆಂಗಳೂರಿನ ಎಎಸ್‌ಸಿ ರೆಕಾರ್ಡ್ಸ್‌ಗೆ ಅರ್ಜಿ ಹಾಕಿ. ಸಿಪಾಯಿಗಳ, ಜಮಾದಾರರ ಸೇವಾ ಕಡತ ಲಂಡನ್ನಿನಲ್ಲಿ ಇರುವುದಿಲ್ಲ, ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯದು. ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಮುಖ್ಯವಾಗಿ ರಾಜನ ಕಮಿಷನ್ ಪಡೆದ ಅಧಿಕಾರಿಗಳದು. ಅರ್ಜಿಯಲ್ಲಿ ಅಜ್ಜನ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಆಗಿನ ಹಾಗೆ 'ಹಾಸನ ಜಿಲ್ಲೆ, ಮೈಸೂರು ಸಂಸ್ಥಾನ' ಅಂತ ಬರೆಯಿರಿ. ನೀವು ಅವರಿಗೆ ಏನಾಗಬೇಕು ಅನ್ನುವುದಕ್ಕೆ ವಂಶವೃಕ್ಷ ಲಗತ್ತಿಸಿ. ತಿಂಗಳುಗಟ್ಟಲೆ ಆಗಬಹುದು, ಕಡತ ಸಿಗದೆಯೂ ಹೋಗಬಹುದು, ಬೇಜಾರಾಗಬೇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ. ಮನೆಯ ಜಮೀನಿನಲ್ಲಿ ಯಾವುದಾದರೂ ಮಾಜಿ ಸೈನಿಕ ಅಂತ ಮಂಜೂರಾದದ್ದಾ? ಹಾಗಿದ್ದರೆ ಸಾಗುವಳಿ ಚೀಟಿ ತೆಗೆದು ನೋಡಿ, ತಾಲ್ಲೂಕು ಕಚೇರಿಯ ಆ ಕಡತಕ್ಕೆ ಡಿಸ್ಚಾರ್ಜ್ ಪತ್ರದ ನಕಲು ಹಚ್ಚಿರುವ ಸಾಧ್ಯತೆ ಇದೆ. ಕಂಪನಿ ಯಾವುದು ಅಂತ ತಿಳಿದರೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅದರ ಯುದ್ಧ ದಿನಚರಿ ಹುಡುಕಬಹುದು. ಅದರಲ್ಲಿ ಅಜ್ಜನ ಹೆಸರು ಸಿಗುವುದು ಅಪರೂಪ, ಆದರೆ ಯಾವ ದಿನ ಯಾವ ಊರಲ್ಲಿ ಬಿಡಾರ ಹೂಡಿದ್ದರು ಅನ್ನುವುದು ಸಿಗುತ್ತದೆ.

ಬೇರೆ ಪಡೆಗಳವರಿಗೆ ಎರಡು ಮಾತು. ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ಊಟಿ ಹತ್ತಿರದ ವೆಲಿಂಗ್ಟನ್. ಗಂಡಭೇರುಂಡದ ಬ್ಯಾಡ್ಜ್ ಇದ್ದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಹಳೆ ಕಡತಗಳಿಂದ ಶುರುಮಾಡಿ.

ಫೋಟೋದ ಹಿಂಬದಿ ನೋಡಿದ್ದೀರಾ? ಸ್ಟುಡಿಯೋದ ಸೀಲು ಇರುತ್ತದೆ. ಗಟ್ಟಿ ಕಾಗದಕ್ಕೆ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಬೆಳಕಿಗೆ ಹಿಡಿದು ನೋಡಿ.

ಇದೆಲ್ಲಕ್ಕೂ ಮೊದಲು ಒಂದು ಸಂಜೆ ಅಮ್ಮನ ಹತ್ತಿರ ಕೂತುಕೊಳ್ಳಿ. ಸುರಾಬಾಯಿಯ ಹಿಂದೆ ಮುಂದೆ ಅಜ್ಜನ ಬಾಯಲ್ಲಿ ಬೇರೆ ಯಾವ ಮಾತು ಬರುತ್ತಿತ್ತು ಅಂತ ಕೇಳಿ. ಕೆರೆನ್, ಟಿಡ್ಡಿಮ್, ಮೈಕ್ಟಿಲಾ, ಈ ಹೆಸರುಗಳನ್ನು ಒಂದೊಂದಾಗಿ, ನಿಧಾನವಾಗಿ, ಅಮ್ಮನ ಮುಂದೆ ಹೇಳಿ ನೋಡಿ. ನಿಮ್ಮ ಮನೆಯಲ್ಲಿ ಕೆರೆನ್ ಯಾವುದೋ ಕೆರೆಯಾಗಿ ಉಳಿದಿರಬಹುದು.